ಹೋಗಿ ಬರುತ್ತೇನೆ

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ‘ಅಣ್ಣಿಗೇರಿ’ ಎಂದೂ ಇನ್ನೊಬ್ಬನಿಗೆ ‘ಕಾಬೂಲಿ’ ಎಂದೂ ಸಹಪಾಠಿಗಳು ಹೆಸರಿಟ್ಟಿದ್ದರು. ತಂದೆತಾಯಿಗಳು ಪ್ರೀತಿಯಿಂದ ಇಟ್ಟ ಹೆಸರುಗಳು ಇಬ್ಬರಿಗೂ ಇದ್ದವು. ಆದರೆ ಅವು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದ್ದವು. ಚಹದ ಅಂಗಡಿಯಲ್ಲಿ, ಗ್ರಂಥಾಲಯದ ಮೆಟ್ಟಿಲುಗಳ ಮೇಲೆ, ಪ್ರಯೋಗದ ಹೊಲದ ಬದುವಿನಲ್ಲಿ, ಎಲ್ಲಿ ಹೋದರೂ ಅವರು ಅಣ್ಣಿಗೇರಿ ಮತ್ತು ಕಾಬೂಲಿಯೇ ಆಗಿದ್ದರು.

ಈ ಹೆಸರುಗಳಲ್ಲಿ ಊರುಗಳ ಗುರುತಿಗಿಂತ ಹೆಚ್ಚಿನದೊಂದು ವಿನೋದವಿತ್ತು. ಇಬ್ಬರೂ ಕಡಲೆಯ ತಳಿಗಳ ಮೇಲೆ ಅಭ್ಯಾಸ ಮಾಡುತ್ತಿದ್ದರು. ಕಡಲೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನಮ್ಮ ದೇಶೀ ಕಡಲೆ. ಸಣ್ಣ ಕಾಳು, ಕಂದು ಬಣ್ಣ, ಗುಲಾಬಿ ಛಾಯೆಯ ಹೂವು. ಇನ್ನೊಂದು ಕಾಬೂಲಿ ಕಡಲೆ; ದಪ್ಪ ಕಾಳು, ಕೆನೆಯ ಬಣ್ಣ, ಬಿಳಿಯ ಹೂವು. 18ನೆಯ ಶತಮಾನದಲ್ಲಿ ಕಾಬೂಲಿನ ದಾರಿಯಾಗಿ ಹಿಂದುಸ್ತಾನಕ್ಕೆ ಬಂದುದರಿಂದ ಅದಕ್ಕೆ ಆ ಹೆಸರಾಯಿತೆಂದು ಹೇಳುತ್ತಾರೆ. ದೇಶೀ ಕಡಲೆಯಲ್ಲಿಯಾದರೋ ‘ಅಣ್ಣಿಗೇರಿ–1’ ಎಂಬ ತಳಿಯ ಹೆಸರನ್ನು ಕೇಳದ ರೈತನು ಉತ್ತರ ಕರ್ನಾಟಕದಲ್ಲಿ ಇರಲಾರನು. ನಾಲ್ಕು ದಶಕಗಳಿಗೂ ಮಿಕ್ಕಿ ಈ ನಾಡಿನ ಎರೆಯ ಭೂಮಿಯಲ್ಲಿ ಅದೇ ರಾಜನಾಗಿ ಮೆರೆದಿತ್ತು. ಹೀಗೆ ಅಣ್ಣಿಗೇರಿಯ ರೈತನ ಮಗನೂ ಕಾಬೂಲಿನ ಕಡೆಯಿಂದ ಬಂದ ಹುಡುಗನೂ ಒಂದೇ ಮೇಜಿನ ಎರಡು ಬದಿಗೆ ಕುಳಿತು ಕಾಳೆಣಿಸುತ್ತಿರುವುದನ್ನು ಕಂಡ ಯಾರೋ ಒಬ್ಬ ವಿನೋದಿ ಈ ನಾಮಕರಣವನ್ನು ಮಾಡಿದ್ದನು. ಹೆಸರು ಅಂಟಿಕೊಂಡಿತು; ಸ್ನೇಹವೂ ಅಂಟಿಕೊಂಡಿತು.

ಕಾಬೂಲಿಯು 2017ರಲ್ಲಿ ಭಾರತ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಧಾರವಾಡಕ್ಕೆ ಬಂದವನು. ಅವನ ಊರು ಕಾಬೂಲಿನ ಉತ್ತರಕ್ಕಿರುವ ಶೊಮಾಲಿ ಬಯಲಿನಲ್ಲಿ. ದ್ರಾಕ್ಷಿಗೆ ಹೆಸರಾದ ನೆಲ, ಯುದ್ಧದಲ್ಲಿ ಎಷ್ಟೋ ಸಲ ಸುಟ್ಟು ಮತ್ತೆ ಚಿಗುರಿದ ನೆಲ. ಮೊದಲ ತಿಂಗಳು ಜೋಳದ ರೊಟ್ಟಿಯನ್ನು ಕಂಡರೆ ಅವನಿಗೆ ದಿಗಿಲು. ಧಾರವಾಡದ ಜಡಿಮಳೆಯನ್ನು ಕಂಡರೆ ಇನ್ನೂ ದಿಗಿಲು. ಆದರೆ ಭಾಷೆಯ ವಿಷಯದಲ್ಲಿ ಅವನಿಗೊಂದು ಅಚ್ಚರಿ ಕಾದಿತ್ತು. ಅವನ ಮನೆಮಾತು ಪಾರಸಿಯ ಒಂದು ರೂಪವಾದ ದರಿ. ಧಾರವಾಡದ ರೈತರ ಬಾಯಲ್ಲಿ ಅವನಿಗೆ ತನ್ನ ಮನೆಯ ಮಾತುಗಳೇ ಕೇಳಿಬರತೊಡಗಿದವು: ಜಮೀನು, ಬಜಾರ, ಕಾಗದ, ಖುಷಿ, ತಾರೀಖು. ಮಳೆಯನ್ನೇ ನಂಬಿದ ಹೊಲಕ್ಕೆ ಅವನ ಊರಿನಲ್ಲಿ ‘ಲಲ್ಮಿ’ ಎನ್ನುತ್ತಾರಂತೆ. ಇಲ್ಲಿ ‘ಖುಷ್ಕಿ’ ಎನ್ನುತ್ತಾರೆಂದು ತಿಳಿದಾಗ ಅವನು ನಕ್ಕನು. ‘ಖುಷ್ಕ’ ಎಂದರೆ ಅವನ ಭಾಷೆಯಲ್ಲಿಯೂ ಒಣಗಿದ್ದು ಎಂದೇ ಅರ್ಥ. ಎಲ್ಲಕ್ಕಿಂತ ಮಿಗಿಲಾಗಿ, ಧಾರವಾಡದ ಹುಡುಗರು ಒಬ್ಬರನ್ನೊಬ್ಬರು ‘ದೋಸ್ತ’ ಎಂದು ಕರೆಯುತ್ತಿದ್ದರು. ಆ ಮಾತನ್ನು ಅವನು ಕಲಿಯಬೇಕಾಗಿಯೇ ಇರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ತನ್ನ ಮನೆಯ ಅಂಗಳದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಅದು ಉಚ್ಚಾರವಾಗುತ್ತಿತ್ತು.

2020ರ ಜನವರಿಯ ಕೊನೆಯ ವಾರ. ಪ್ರಬಂಧ ಒಪ್ಪಿಗೆಯಾಗಿತ್ತು, ಮೌಖಿಕ ಪರೀಕ್ಷೆ ಮುಗಿದಿತ್ತು, ಪೆಟ್ಟಿಗೆ ಕಟ್ಟಿಯಾಗಿತ್ತು. ಆ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ಸು. ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ಕಾಬೂಲಿಗೆ ವಿಮಾನ. ಕೈಯಲ್ಲಿ ಒಂದು ಹಗಲು ಮಾತ್ರ ಉಳಿದಿತ್ತು. ಊರಿಗೆ ಮರಳುವ ಮುನ್ನ ಗೋವೆಯ ಕಡಲನ್ನಾದರೂ ನೋಡಿ ಹೋಗೆಂದು ಕೆಲವರು ಹೇಳಿದ್ದರು. ಅವನು ಒಪ್ಪಲಿಲ್ಲ.

“ಕಡಲು ಎಲ್ಲಿಗೂ ಹೋಗುವುದಿಲ್ಲ. ಕಡಲೆಯ ಹೊಲ ಇನ್ನೆರಡು ವಾರದಲ್ಲಿ ಕೊಯ್ಲಾಗಿಬಿಡುತ್ತದೆ. ನಿಮ್ಮ ಊರಿಗೆ ಹೋಗೋಣ” ಎಂದನು.

ಅಣ್ಣಿಗೇರಿಯ ಗೆಳೆಯನು ಮೋಟಾರು ಸೈಕಲನ್ನು ಹೊರತೆಗೆದನು. ಅವನ ಅಂಗಿಯ ಕಿಸೆಯಲ್ಲಿ ಒಂದು ಕಾಗದವಿತ್ತು. ಬೆಂಗಳೂರಿನ ಒಂದು ಕಂಪನಿಯು ಅವನಿಗೆ ಕೆಲಸ ಕೊಟ್ಟು ಬರೆದ ಪತ್ರ ಅದು. ಬೀಜಕ್ಕೂ ಮಣ್ಣಿಗೂ ಆ ಕೆಲಸಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಬಳ ಮಾತ್ರ ಚೆನ್ನಾಗಿತ್ತು. ಪತ್ರ ಬಂದು ಹತ್ತು ದಿನಗಳಾಗಿದ್ದರೂ ಅವನು ಅದನ್ನು ತಂದೆಗೆ ತೋರಿಸಿರಲಿಲ್ಲ, ಗೆಳೆಯನಿಗೂ ಹೇಳಿರಲಿಲ್ಲ.

ಅವರು ಮೊದಲು ನವಲಗುಂದಕ್ಕೆ ಹೋದರು. ಕಾಬೂಲಿಗೆ ತಾಯಿಗಾಗಿ ಒಂದು ಜಾನಮಾಜು ಬೇಕಾಗಿತ್ತು. ದಾರಿಯ ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆಯ ಹೊಲ. ಒಂದು ಗುಡ್ಡವಿಲ್ಲ, ಒಂದು ಕಲ್ಲಿಲ್ಲ. ಅಲ್ಲಲ್ಲಿ ಕುಸುಬೆ, ಜೋಳ, ಗೋದಿ, ಎಲ್ಲಕ್ಕಿಂತ ಹೆಚ್ಚಾಗಿ ಕಡಲೆ. ಈ ಸೀಮೆಯ ಎರಡು ಹಳ್ಳಗಳ ಹೆಸರನ್ನು ಕೇಳಿದರೇ ಬಾಯಲ್ಲಿ ನೀರೂರಬೇಕು: ಒಂದು ಬೆಣ್ಣೆಹಳ್ಳ, ಇನ್ನೊಂದು ತುಪ್ಪರಿಹಳ್ಳ. ಆದರೆ ಬೆಣ್ಣೆಹಳ್ಳವು ಸಿಟ್ಟಿಗೆದ್ದರೆ ಬೆಣ್ಣೆಯ ಹಾಗಿರುವುದಿಲ್ಲ. 2019ರ ಆಗಸ್ಟಿನ ಮಹಾಮಳೆಯಲ್ಲಿ ಅದು ದಂಡೆ ಮೀರಿ ಹೊಲಗಳಿಗೆ ನುಗ್ಗಿತ್ತು. ಮುಂಗಾರಿ ಕೈಬಿಟ್ಟಿತ್ತು. ಆದರೆ ನೆಲವು ಕುಡಿದ ಆ ನೀರೇ ಹಿಂಗಾರಿಯ ಕಡಲೆಯನ್ನು ಸಾಕಿತು. ಎರೆಯ ಭೂಮಿಯ ನ್ಯಾಯವೇ ಅಂಥದು. ಒಂದು ಕೈಯಿಂದ ಕಸಿದುಕೊಂಡುದನ್ನು ಇನ್ನೊಂದು ಕೈಯಿಂದ, ತಡವಾಗಿಯಾದರೂ, ಅರ್ಧದಷ್ಟನ್ನಾದರೂ ಹಿಂದಿರುಗಿಸುತ್ತದೆ.

ನವಲಗುಂದದ ಜಮಖಾನೆಗಳು ಹೆಸರುವಾಸಿ. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಅಲ್ಲಿಂದ ವಲಸೆ ಬಂದ ನೇಕಾರ ಮನೆತನಗಳು ಇಲ್ಲಿ ನೆಲೆ ನಿಂತವೆಂದು ಹೇಳಿಕೆಯಿದೆ. ನೇಯುವವರು ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ನಕ್ಷೆಯ ಕಾಗದವನ್ನೇನೂ ಇಟ್ಟುಕೊಳ್ಳದೆ, ನೆನಪಿನಿಂದಲೇ ನವಿಲನ್ನೂ ಪಗಡೆಯ ಹಾಸನ್ನೂ ಎಳೆಯೆಳೆಯಾಗಿ ಎತ್ತುತ್ತಾರೆ. ಈ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗೆ ಕಲಿಸುವುದು ಹಿಂದಿನ ವಾಡಿಕೆ. ಮಗಳು ಮದುವೆಯಾಗಿ ಹೊರಟರೆ ಗುಟ್ಟೂ ಅವಳ ಹಿಂದೆ ಊರು ಬಿಡುವುದಲ್ಲವೇ! ನವಲಗುಂದದ ಜಮಖಾನೆಗೆ ಈಗ ಭೌಗೋಳಿಕ ಗುರುತಿನ ಗೌರವವೂ ದೊರೆತಿದೆ. ಆದರೆ ನೇಯುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿವೆ.

ಓಣಿಯ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ನಾಲ್ಕು ಜಾನಮಾಜುಗಳನ್ನು ಹರವಿ ತೋರಿಸಿದಳು. ಕಾಬೂಲಿಯು ಅವುಗಳ ಮೇಲೆ ಕೈಯಾಡಿಸಿದ ರೀತಿಯನ್ನು ನೋಡಿಯೇ ಇವನು ಅರಿತವನೆಂದು ಅವಳಿಗೆ ತಿಳಿದುಹೋಯಿತು. ಯಾವ ಊರೆಂದು ಕೇಳಿದಳು. ಅವನು ಹೇಳಿದನು. ಅವನ ಊರಿನಲ್ಲಿಯೂ ನೆಲಹಾಸುಗಳನ್ನು ನೇಯುವವರು ಹೆಂಗಸರೇ. ಆದರೆ ಅವು ಉಣ್ಣೆಯವು, ಎಳೆಯೆಳೆಗೂ ಗಂಟು ಹಾಕಿ ಮೇಲ್ಮೈಯಲ್ಲಿ ಜುಂಗು ಬಿಟ್ಟವು. ಅವಕ್ಕೆ ಒಂದು ಮುಖ, ಒಂದು ಬೆನ್ನು.

“ಇದಕ್ಕೆ ಬೆನ್ನಿಲ್ಲ ಮಗನೇ, ತಿರುವಿ ನೋಡು” ಎಂದಳು ಮುದುಕಿ, ತನ್ನ ದಖನಿ ಮಾತಿನಲ್ಲಿ. “ಎರಡೂ ಮೈ ಒಂದೇ.”

ಅವನು ತಿರುವಿ ನೋಡಿದನು. ನಿಜವಾಗಿಯೂ ಹಿಂದು ಮುಂದುಗಳಲ್ಲಿ ಭೇದವಿರಲಿಲ್ಲ. ಬೆಲೆಯಲ್ಲಿ ಮುದುಕಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಅವನೂ ಚೌಕಾಸಿ ಮಾಡಲಿಲ್ಲ. ಹೊರಡುವಾಗ ಮಾತ್ರ ಅವಳು, “ನಿನ್ನ ತಾಯಿಗೆ ನನ್ನ ಸಲಾಮು ಹೇಳು. ನೇಯ್ದವಳ ಕೈ ಇನ್ನೂ ಗಟ್ಟಿಯಾಗಿದೆ ಎಂದು ಹೇಳು” ಎಂದಳು.

ಮಧ್ಯಾಹ್ನದ ಹೊತ್ತಿಗೆ ಗೆಳೆಯರು ಅಣ್ಣಿಗೇರಿಯನ್ನು ಮುಟ್ಟಿದರು. ಮನೆಯ ಬಾಗಿಲಲ್ಲಿ ಕಾದು ನಿಂತಿದ್ದ ತಾಯಿ, “ಬಾ ತಮ್ಮಾ, ಬಾ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ” ಎಂದು ತಂಬಿಗೆಯನ್ನು ಮುಂದಿಟ್ಟಳು. ಈ ಮನೆಗೆ ಕಾಬೂಲಿಯು ಹೊಸಬನಲ್ಲ. ಹಿಂದಿನ ವರ್ಷಗಳಲ್ಲಿ ಎಳ್ಳಮವಾಸ್ಯೆಗೆ ಬಂದು, ಮನೆಯವರೊಡನೆ ಚಕ್ಕಡಿಯಲ್ಲಿ ಕುಳಿತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲುವುದನ್ನು ನೋಡಿದ್ದನು. ಆ ತಾಯಿಯನ್ನು ಅವನು ಮೊದಲ ದಿನದಿಂದಲೂ ‘ಅವ್ವಾ’ ಎಂದೇ ಕರೆಯುತ್ತಿದ್ದನು. ಎಣ್ಣೆಗಾಯಿ ಬದನೆ, ಕಡಲೆಸೊಪ್ಪಿನ ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ, ಇವುಗಳೊಡನೆ ಒಮ್ಮೆ ದಿಗಿಲು ಹುಟ್ಟಿಸಿದ್ದ ಜೋಳದ ರೊಟ್ಟಿಗಳನ್ನು ಅವನು ನಾಲ್ಕು ಉಂಡನು. ಐದನೆಯದನ್ನು ಬೇಡವೆಂದಾಗ ತಾಯಿ ಕೇಳಲಿಲ್ಲ. “ಊರಾಗ ನಿನಗ ಯಾರು ಬಡಿದು ಕೊಡ್ತಾರ ಈ ರೊಟ್ಟಿ?” ಎಂದು ತಟ್ಟೆಗೆ ಹಾಕಿಯೇಬಿಟ್ಟಳು. ಆ ಮಾತಿನ ಬಳಿಕ ಕೆಲವು ಕ್ಷಣ ಯಾರೂ ಮಾತಾಡಲಿಲ್ಲ.

ಊಟವಾದ ಮೇಲೆ ಇಬ್ಬರೂ ಹೊಲಕ್ಕೆ ಹೋದರು. ಮೊದಲು ಬಿತ್ತಿದ ಭಾಗವು ಒಣಗಿ ಕೊಯ್ಲಿಗೆ ಬಂದಿತ್ತು. ಹಿಂದಿನಿಂದ ಬಿತ್ತಿದ ಭಾಗದಲ್ಲಿ ಇನ್ನೂ ಹಸಿರು ಸುಲಗಾಯಿ ಇತ್ತು. ಬದುವಿನ ಮೇಲೆ ಕುಳಿತು ಸುಲಗಾಯಿಯನ್ನು ಸುಲಿದು ತಿನ್ನುತ್ತ ಅವರು ಬಹಳ ಹೊತ್ತು ಕಳೆದರು. ಕಡಲೆಯ ಗಿಡದ ಹುಳಿ ಬೆರಳಿಗೆ ಅಂಟುತ್ತಿತ್ತು. ಈ ಹುಳಿಯನ್ನು ಹಿಡಿಯಲು ರೈತರು ನಸುಕಿನಲ್ಲಿ ಗಿಡಗಳ ಮೇಲೆ ಬಟ್ಟೆ ಹಾಸಿ ಇಬ್ಬನಿಯೊಡನೆ ಅದನ್ನು ಹಿಂಡಿಕೊಂಡು ಹೊಟ್ಟೆನೋವಿಗೆ ಔಷಧವೆಂದು ಇಟ್ಟುಕೊಳ್ಳುವುದುಂಟು. ಪ್ರಯೋಗಶಾಲೆಯಲ್ಲಿ ಅದೇ ಹುಳಿಗೆ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಎಂಬ ಹೆಸರುಗಳು. ಬದುವಿನ ಮೇಲೆ ಕುಳಿತಾಗ ಅದು ಬರೀ ಹುಳಿ.

ಹೊಲದ ಒಂದು ಮೂಲೆಯಲ್ಲಿ ಕೆಲವು ಗಿಡಗಳು ಕಾಯಿ ಕಟ್ಟುವ ಮೊದಲೇ ಬಾಡಿ ನಿಂತಿದ್ದವು. ಶಾಸ್ತ್ರದ ಮಾತಿನಲ್ಲಿ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ; ರೈತರ ಮಾತಿನಲ್ಲಿ ‘ಸಿಡಿ’. ಹೆಸರಾಂತ ಅಣ್ಣಿಗೇರಿ ತಳಿಯನ್ನು ಕೊನೆಗೆ ಹಣ್ಣು ಮಾಡಿದುದು ಇದೇ ರೋಗ. ಅದು ಗಾಳಿಯಲ್ಲಿ ಬಂದು ಹೋಗುವಂಥದಲ್ಲ; ಹೊಲದಲ್ಲಿ ಕಡಲೆಯೇ ಇಲ್ಲದಿದ್ದರೂ ಮಣ್ಣಿನೊಳಗೆ ಆರು ವರ್ಷ ಬದುಕಿ ಕಾಯಬಲ್ಲದು. ಇದಕ್ಕೆ ಜಗ್ಗದಂತೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯವರೂ ಕೂಡಿ, ರೋಗ ತಡೆಯುವ ಇನ್ನೊಂದು ತಳಿಯ ಗುಣವನ್ನು ಹಳೆಯ ಅಣ್ಣಿಗೇರಿಯಲ್ಲಿ ಬೆರೆಸಿ, ‘ಸೂಪರ್ ಅಣ್ಣಿಗೇರಿ–1’ ಎಂಬ ಹೊಸ ತಳಿಯನ್ನು ಹೊರತಂದಿದ್ದರು. ಆ ಕುರಿತು ಗೆಳೆಯರಿಬ್ಬರೂ ಎಷ್ಟೋ ರಾತ್ರಿ ಚರ್ಚಿಸಿದ್ದರು.

ಬಾಡಿದ ಒಂದು ಗಿಡವನ್ನು ಕಿತ್ತು, ಬೇರನ್ನು ಉಗುರಿನಿಂದ ಸೀಳಿ, ಒಳಗಿನ ಕಪ್ಪು ಗೆರೆಯನ್ನು ನೋಡುತ್ತ ಕಾಬೂಲಿಯು ಸುಮ್ಮನೆ ಕುಳಿತಿದ್ದನು. ಆಗ ಅಣ್ಣಿಗೇರಿಯವನು ಎಷ್ಟೋ ದಿನಗಳಿಂದ ನಾಲಗೆಯ ತುದಿಯಲ್ಲಿದ್ದ ಮಾತನ್ನು ಆಡಿಬಿಟ್ಟನು.

“ಹೋಗಬೇಡ, ದೋಸ್ತ. ಪಿಎಚ್.ಡಿ.ಗೆ ಅರ್ಜಿ ಹಾಕು. ಇನ್ನು ಮೂರು ವರ್ಷ ಇಲ್ಲಿಯೇ ಇರು. ನಿನ್ನ ದೇಶದ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತಿದೆ. ಅಲ್ಲಿಗೆ ಹೋಗಿ ಏನು ಮಾಡುವೆ?”

ಕಾಬೂಲಿಯು ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ರೋಗ ತಡೆಯುವ ತಳಿಯನ್ನು ನಾವು ಎಲ್ಲಿ ಪರೀಕ್ಷೆ ಮಾಡುತ್ತೇವೆ?” ಎಂದು ಕೇಳಿದನು.

ಅಣ್ಣಿಗೇರಿಯವನಿಗೆ ಗೊತ್ತಿತ್ತು. ತಳಿ ತಜ್ಞರೆಲ್ಲರಿಗೂ ಅದು ಗೊತ್ತು. ಸೊರಗು ರೋಗವನ್ನು ತಡೆಯುವ ಶಕ್ತಿ ಇದೆಯೋ ಇಲ್ಲವೋ ಎಂದು ತಿಳಿಯಲು ಬೀಜವನ್ನು ಶುದ್ಧವಾದ ಮಣ್ಣಿನಲ್ಲಿ ಬಿತ್ತುವುದಿಲ್ಲ. ಅದಕ್ಕಾಗಿಯೇ ರೋಗವನ್ನು ಬೆಳೆಸಿಟ್ಟ ಒಂದು ತಾಕು ಇರುತ್ತದೆ. ಆ ಕೆಟ್ಟ ಮಣ್ಣಿನಲ್ಲಿಯೇ ಬಿತ್ತಬೇಕು. ಅಲ್ಲಿ ನಿಂತುದು ನಿಂತಿತು.

“ಒಳ್ಳೆಯ ಮಣ್ಣಿನಲ್ಲಿ ಮೂರು ವರ್ಷ ಬೆಳೆದೆ” ಎಂದನು ಕಾಬೂಲಿ. “ನನ್ನ ತಂಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳು ಡಾಕ್ಟರಳಾಗಬೇಕೆಂದಿದ್ದಾಳೆ. ತಂದೆಯಿಲ್ಲದ ಮನೆ. ನಾನು ಅಲ್ಲಿದ್ದರೆ ಅವಳು ಓದುತ್ತಾಳೆ. ನಾನು ಇಲ್ಲಿ ಕುಳಿತು ರೋಗ ತಡೆಯುವ ಕಡಲೆಯ ಮೇಲೆ ಪ್ರಬಂಧ ಬರೆದರೆ ಏನು ಬಂತು?”

ಈ ಮಾತಿನಲ್ಲಿ ಧೈರ್ಯದ ಪ್ರದರ್ಶನವಿರಲಿಲ್ಲ. ಹೇಳುವಾಗ ಅವನ ದನಿ ನಡುಗಿತು, ಅವನಿಗೆ ಭಯವಿತ್ತು. ಭಯವಿದ್ದೂ ಹೊರಟಿದ್ದನು. ಅಣ್ಣಿಗೇರಿಯವನ ಕೈ ತಾನಾಗಿಯೇ ಕಿಸೆಯ ಕಡೆಗೆ ಹೋಯಿತು. ಪತ್ರವನ್ನು ಆತ ಹೊರತೆಗೆಯಲಿಲ್ಲ. ಒಬ್ಬನು ಸುಟ್ಟ ನೆಲಕ್ಕೆ ಮರಳುತ್ತಿದ್ದಾನೆ. ತಾನಾದರೋ ನಾಲ್ಕು ತಲೆಮಾರು ಅನ್ನ ಕೊಟ್ಟ ನೆಲವನ್ನು ಬಿಡಲು ತಂದೆಯ ಕಣ್ಣು ತಪ್ಪಿಸುತ್ತಿದ್ದೇನೆ ಎಂಬ ವಿಚಾರವು ಅವನನ್ನು ಇರಿಯಿತು.

ಇಳಿಹೊತ್ತಿನಲ್ಲಿ ಇಬ್ಬರೂ ಅಮೃತೇಶ್ವರ ಗುಡಿಗೆ ಹೋದರು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಕರಿಯ ಬಳಪದ ಕಲ್ಲಿನಲ್ಲಿ ಕಟ್ಟಿದ ಗುಡಿ, ಕಂಬಗಳೇ ಎಪ್ಪತ್ತಾರು. ಕಂಬಗಳ ನಡುವಿನ ತಂಪಿನಲ್ಲಿ ಕುಳಿತಾಗ ಅಣ್ಣಿಗೇರಿಯವನು ಪಂಪನ ಕತೆಯನ್ನು ಹೇಳಿದನು. ಕನ್ನಡದ ಆದಿಕವಿಯ ತಾಯಿ ಅಬ್ಬಣಬ್ಬೆ ಈ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ತಮ್ಮ ಜಿನವಲ್ಲಭನು ಕಲ್ಲಿನಲ್ಲಿ ಕೊರೆಯಿಸಿದ ಶಾಸನವು ಅದನ್ನು ಹೇಳುತ್ತದೆ. ಪಂಪನು ಇದ್ದುದು ದೂರದ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಅಲ್ಲಿ ಕುಳಿತು 941ರ ಸುಮಾರಿಗೆ ಭಾರತದ ಕತೆಯನ್ನು ಬರೆಯುವಾಗ ಅವನಿಗೆ ನೆನಪಾದುದು ಬನವಾಸಿ. ಆ ನಾಡಿನ ಗಾಳಿ, ಅಲ್ಲಿಯ ಹೂವು, ಅಲ್ಲಿ ಇನ್ನೊಮ್ಮೆ ಹುಟ್ಟಬೇಕೆಂಬ ಹಂಬಲ.

“ಅವನು ಮರಳಿ ಹೋದನೇ?” ಎಂದು ಕಾಬೂಲಿಯು ಕೇಳಿದನು.

ಅಣ್ಣಿಗೇರಿಯವನಿಗೆ ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ಆ ಪದ್ಯವನ್ನು ಬಾಯಿಪಾಠ ಮಾಡಿದ್ದನು, ಪರೀಕ್ಷೆಯಲ್ಲಿ ಬರೆದಿದ್ದನು. ಆ ಪ್ರಶ್ನೆಯನ್ನು ಮಾತ್ರ ಎಂದೂ ಕೇಳಿಕೊಂಡಿರಲಿಲ್ಲ.

ಮನೆಗೆ ಮರಳಿದಾಗ ಒಂದು ತಕರಾರು ಎದ್ದಿತು. ತಾಯಿಯು ಬಿತ್ತಿ ಉಳಿದ ಕಡಲೆಯ ಬೀಜವನ್ನು ಹಸನು ಮಾಡಿ, ಬಿಳಿಯ ಅರಿವೆಯಲ್ಲಿ ಗಂಟು ಕಟ್ಟಿಟ್ಟಿದ್ದಳು. ಊರಿಗೆ ಒಯ್ದು ಬಿತ್ತಲೆಂದು ಅವಳ ಆಸೆ. ಗೆಳೆಯರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೊಳೆಯುವ ಬೀಜವನ್ನು ರೋಗವಿಲ್ಲವೆಂಬ ಸರಕಾರಿ ಪ್ರಮಾಣಪತ್ರವಿಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ಯುವಂತಿಲ್ಲ. ಅದೂ ಅಲ್ಲದೆ 2002ರ ಜೈವಿಕ ವೈವಿಧ್ಯ ಕಾಯಿದೆಯು ಇಂಥ ವಿಷಯಗಳಲ್ಲಿ ಪರದೇಶದವರಿಗೆ ಬಿಗಿಯಾದ ಕಟ್ಟಳೆಗಳನ್ನು ವಿಧಿಸಿದೆ. ಬೇರೆ ಯಾರಾದರೂ ಪೆಟ್ಟಿಗೆಯ ಮೂಲೆಯಲ್ಲಿ ಅಡಗಿಸಿಕೊಂಡು ಹೋಗುತ್ತಿದ್ದರೇನೋ. ಬೀಜದೊಡನೆ ರೋಗವೂ ಗಡಿ ದಾಟುತ್ತದೆಂದು ಮೂರು ವರ್ಷ ಓದಿದವರು ಹಾಗೆ ಮಾಡುವುದು ಹೇಗೆ? ಕಾಬೂಲಿಯು ಸಂಕೋಚದಿಂದ ಗಂಟನ್ನು ಹಿಂದಕ್ಕೆ ಕೊಟ್ಟು, ಬರುವ ಮಟ್ಟಿಗಿನ ಕನ್ನಡದಲ್ಲಿ ಕಾರಣವನ್ನು ಬಿಡಿಸಿ ಹೇಳಿದನು.

ತಾಯಿಯು ಕೇಳಿಕೊಂಡಳು. ಮುಖ ಬಾಡಿಸಲಿಲ್ಲ. ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಒಲೆಯ ಮೇಲೆ ಉಸುಕು ಕಾಯ್ದ ವಾಸನೆಯೂ, ಕಡಲೆ ಸಿಡಿಯುವ ಚಟಪಟ ಸಪ್ಪಳವೂ ಕೇಳಿಬಂದವು. ಕಟ್ಟೆಯ ಮೇಲೆ ಕುಳಿತಿದ್ದ ತಂದೆ ಗಡಬಡಿಸಿ ಎದ್ದು ಬಂದನು.

“ಬಿತ್ತೋ ಕಾಳ ಹುರಿಯಾಕ ಹತ್ತೀಯಲ್ಲ!”

“ಬಿತ್ತಾಕ ಒಯ್ಯಬಾರದಂತ. ತಿನ್ನಾಕರ ಒಯ್ಯಲಿ” ಎಂದಳು ತಾಯಿ, ಬಾಣಲೆಯಿಂದ ಕಣ್ಣೆತ್ತದೆ.

ರೈತನ ಮನೆಯಲ್ಲಿ ಬಿತ್ತನೆಯ ಕಾಳನ್ನು ಹುರಿಯುವುದು ಸಣ್ಣ ಮಾತಲ್ಲ. ಹಸಿವೆಯ ವರ್ಷದಲ್ಲಿಯೂ ಬೀಜದ ಹರವಿಗೆ ಕೈ ಹಾಕದವರು ಅವರು. ತಂದೆಯು ಒಂದು ಗಳಿಗೆ ಅಲ್ಲಿಯೇ ನಿಂತನು. ಅನಂತರ ಏನೂ ಅನ್ನದೆ, ಒಲೆಯ ಮುಂದಿನ ಕಟ್ಟಿಗೆಯನ್ನು ಸರಿಮಾಡಿ ಹೊರಗೆ ಬಂದನು. ಉಪ್ಪು, ಅರಿಷಿಣ ಹಚ್ಚಿದ ಬಿಸಿ ಕಡಲೆ ಅದೇ ಬಿಳಿಯ ಅರಿವೆಯಲ್ಲಿ ಮತ್ತೆ ಗಂಟಾಯಿತು. ಈ ಸಲ ಅದನ್ನು ಯಾವ ಕಟ್ಟಳೆಯೂ ತಡೆಯುವಂತಿರಲಿಲ್ಲ.

ಹೊರಡುವ ಹೊತ್ತಾಯಿತು. ಕಾಬೂಲಿಯು ಹಿರಿಯರಿಬ್ಬರ ಕೈಗಳನ್ನು ಹಿಡಿದುಕೊಂಡು, “ಹೋಗ್ತೀನಿ ಅವ್ವಾ” ಎಂದನು.

“ಹೋಗ್ತೀನಿ ಅನಬಾರದಪಾ. ಹೋಗಿ ಬರ್ತೀನಿ ಅನಬೇಕು.”

ಅವನು ಹಾಗೆಯೇ ಅಂದನು. ಬಳಿಕ, ನಗಲು ಯತ್ನಿಸುತ್ತ, ತನ್ನ ಊರಿನ ರೂಢಿಯೊಂದನ್ನು ಹೇಳಿದನು. ಪ್ರಯಾಣಕ್ಕೆ ಹೊರಟವನು ಹೊಸಿಲು ದಾಟಿದ ಮೇಲೆ ಅವನ ಹಿಂದೆ ದಾರಿಯಲ್ಲಿ ತಾಯಿ ಒಂದು ಪಾತ್ರೆ ನೀರು ಚೆಲ್ಲುತ್ತಾಳೆ. ನೀರಿನಂತೆ ಸುಗಮವಾಗಿ ಹೋಗಿ ಸುಗಮವಾಗಿ ಮರಳಿ ಬರಲೆಂದು ಅದರ ಆಶಯ. ಮೂರು ವರ್ಷದ ಹಿಂದೆ ಅವನ ತಾಯಿಯೂ ಹಾಗೆ ಚೆಲ್ಲಿದ್ದಳಂತೆ.

ಅಣ್ಣಿಗೇರಿಯ ತಾಯಿಯ ಮುಖದಲ್ಲಿ ಒಂದು ನೆರಳು ಹಾಯಿತು. ಕನ್ನಡ ನಾಡಿನಲ್ಲಿ ನೀರು ಬಿಡುವುದೆಂದರೆ ಬೇರೆಯೇ ಅರ್ಥ. ಎಳ್ಳುನೀರು ಬಿಟ್ಟುದು ಮರಳಿ ಬರುವುದಿಲ್ಲ. “ನಮ್ಮಲ್ಲಿ ನೀರು ಬಿಡೂದಂದ್ರ ಋಣ ತೀರ್ತು ಅಂದಂಗ” ಎಂದು ಅವಳು ಮೆಲ್ಲಗೆ ಅಂದಳು. ಅವನು ಆ ಮಾತನ್ನು ಅಲ್ಲಿಗೇ ಬಿಟ್ಟನು. ಗೆಳೆಯರು ಅಂಗಳಕ್ಕೆ ಇಳಿದು ಬಸ್ ನಿಲ್ದಾಣದ ಕಡೆಗೆ ಹೆಜ್ಜೆ ಹಾಕಿದರು. ಹತ್ತು ಮಾರು ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಬಳೆಗಳ ಸದ್ದು ಕೇಳಿಸಿತು. ತಿರುಗಿ ನೋಡಿದರೆ, ತಾಯಿ ತುಂಬಿದ ತಂಬಿಗೆಯನ್ನು ಹಿಡಿದು ಬೀದಿಯ ನಡುವೆ ನಿಂತಿದ್ದಳು.

“ನಿಮ್ಮವ್ವ ಇಲ್ಲಿದ್ದಿದ್ರ ಹಾಕ್ತಿದ್ದಿಲ್ಲೇನು? ಹಂಗಾರ ನಾನೂ ಹಾಕ್ತೀನಿ” ಎಂದು, ಅವರ ಹೆಜ್ಜೆಯ ಮೇಲೆ ನೀರನ್ನು ಚೆಲ್ಲಿದಳು. ಎರೆಯ ಮಣ್ಣು ಅದನ್ನು ಒಂದೇ ಗುಟುಕಿಗೆ ಕುಡಿಯಿತು.

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ರಾತ್ರಿಯ ಗದ್ದಲ. ಪೆಟ್ಟಿಗೆಯನ್ನು ಮೇಲೇರಿಸಿಯಾಯಿತು. ಅಲ್ಲಿ, ಬಸ್ಸಿನ ಬಾಗಿಲ ಬಳಿ, ಅಣ್ಣಿಗೇರಿಯವನು ಕಿಸೆಯ ಪತ್ರವನ್ನು ತೆಗೆದು ಗೆಳೆಯನ ಕೈಯಲ್ಲಿಟ್ಟನು. ಕಾಬೂಲಿಯು ದೀಪದ ಬೆಳಕಿಗೆ ಹಿಡಿದು ಓದಿದನು. ಬೈಯುತ್ತಾನೆಂದು ಇವನು ಕಾದನು. ಅವನು ಬೈಯಲಿಲ್ಲ.

“ಒಳ್ಳೆಯ ಸಂಬಳ” ಎಂದನು. “ಹೋಗು. ಆದರೆ ನಿನ್ನ ತಂದೆಗೆ ನೀನೇ ಹೇಳಿ ಹೋಗು. ಹೋಗಿ ಬರುತ್ತೇನೆ ಎಂದು ಹೇಳು.”

ಬಸ್ಸು ಹೊರಟುಹೋಯಿತು.

ಅಣ್ಣಿಗೇರಿಯವನು ಮರುದಿನವೇ ತಂದೆಗೆ ಪತ್ರವನ್ನು ಓದಿ ಹೇಳಿ ಬೆಂಗಳೂರಿಗೆ ಹೋದನು. ಆ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕೆಗೂ ತಾಲಿಬಾನಿಗೂ ಒಪ್ಪಂದವಾಯಿತು. ಕಾಬೂಲಿನಿಂದ ಆಸೆಯ ಮಾತುಗಳುಳ್ಳ ಸಂದೇಶ ಬಂದಿತು. ಮಾರ್ಚಿನ ಕೊನೆಗೆ ಮಹಾಮಾರಿಯ ದಿಗ್ಬಂಧನ. ಬೆಂಗಳೂರಿನ ಕೆಲಸ ಮೊದಲು ಅರ್ಧವಾಯಿತು, ಅನಂತರ ಇಲ್ಲವಾಯಿತು. ಊರಿಗೆ ಮರಳಿದವನು ಆ ಅಕ್ಟೋಬರಿನಲ್ಲಿ ತಂದೆಯೊಡನೆ ಕಡಲೆಯನ್ನು ಬಿತ್ತಿದನು. ಸೊರಗಿದ ಮೂಲೆಯಲ್ಲಿ ಹೊಸ ತಳಿಯನ್ನು ಬಿತ್ತಿ ನೋಡಿದನು, ಅದು ನಿಂತಿತು. ಮತ್ತೆ ಕೆಲಸಕ್ಕೆ ಕರೆ ಬಂದಾಗ ಅವನು ಹೋಗಲಿಲ್ಲ. ಇದನ್ನು ಅವನ ತ್ಯಾಗವೆನ್ನುವಂತಿಲ್ಲ. ಅರ್ಧ ಪರಿಸ್ಥಿತಿ ಮಾಡಿಸಿದ್ದು. ಇನ್ನರ್ಧ ಬದುವಿನ ಮೇಲೆ ಕೇಳಿದ ಒಂದು ಮಾತು ಮಾಡಿಸಿದ್ದು.

2021ರ ಆಗಸ್ಟ್ 15ರಂದು, ಇಲ್ಲಿ ಶಾಲೆಯ ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದ ದಿನ, ಕಾಬೂಲು ತಾಲಿಬಾನಿನ ಕೈ ಸೇರಿತು. ಅಣ್ಣಿಗೇರಿಯವನು ಕಳುಹಿಸಿದ ಸಂದೇಶಗಳು ಮುಟ್ಟಲಿಲ್ಲ. ದೂರದರ್ಶನದಲ್ಲಿ ವಿಮಾನದ ಹಿಂದೆ ಓಡುವ ಜನರ ಮುಖಗಳಲ್ಲಿ ಅವನು ಒಂದು ಮುಖವನ್ನು ಹುಡುಕಿದನು. ತಾಯಿಯು ಆ ಚಿತ್ರಗಳನ್ನು ನೋಡಲಾರದೆ ಎದ್ದು ಹೋಗುತ್ತಿದ್ದಳು. ತಾನು ಚೆಲ್ಲಿದ ನೀರು ಯಾವ ನೀರಾಯಿತೋ ಎಂಬ ಸಂಶಯ ಅವಳನ್ನು ಕಾಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ.

ಸೆಪ್ಟೆಂಬರಿನ ಒಂದು ರಾತ್ರಿ ಉತ್ತರ ಬಂದಿತು. ಎಲ್ಲರೂ ಇದ್ದಾರೆ. ಊರಿನಲ್ಲಿಯೇ ಇದ್ದಾರೆ. ತಂಗಿಯ ಶಾಲೆ ಮುಚ್ಚಿದೆ. ಅವಳು ಮನೆಯಲ್ಲಿಯೇ ಓದುತ್ತಿದ್ದಾಳೆ, ನೆರೆಯ ಇಬ್ಬರು ಹುಡುಗಿಯರಿಗೆ ಗಣಿತವನ್ನು ಹೇಳಿಕೊಡುತ್ತಿದ್ದಾಳೆ. ಸಂದೇಶದ ಜೊತೆಗೆ ಒಂದು ಚಿತ್ರವಿತ್ತು: ನವಲಗುಂದದ ಜಾನಮಾಜು, ಅದರ ಮೇಲೆ ಒಂದು ಗಾಜಿನ ಭರಣಿ, ಭರಣಿಯ ತಳದಲ್ಲಿ ಒಂದು ಹಿಡಿ ಹುರಿದ ಕಡಲೆ. ಅಷ್ಟನ್ನು ಯಾರೂ ತಿನ್ನದಂತೆ ತಾಯಿ ಎತ್ತಿಟ್ಟಿದ್ದಾಳೆಂದು ಅವನು ಬರೆದಿದ್ದನು.

ಆರನೆಯ ತರಗತಿಯ ಮೇಲಿನ ಹೆಣ್ಣುಮಕ್ಕಳಿಗೆ ಅಲ್ಲಿಯ ಶಾಲೆಗಳು ಅಂದಿನಿಂದ ತೆರೆಯಲಿಲ್ಲ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಸಂದೇಶಗಳು ಬರುವುದು ಈಗ ಅಪರೂಪ. ಆದರೆ ಪ್ರತಿ ವರ್ಷ ಹಿಂಗಾರಿಯ ಬಿತ್ತನೆಗೆ ಬೀಜದ ಹರವಿಯನ್ನು ಇಳಿಸುವಾಗ ಅಣ್ಣಿಗೇರಿಯ ಆ ತಾಯಿ ಒಂದು ಸೇರು ಕಾಳನ್ನು ಬೇರೆಯಾಗಿ ತೆಗೆದಿಡುತ್ತಾಳೆ. ಅದು ಯಾರಿಗೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವಳೇ ಕೇಳುತ್ತಾಳೆ, ಕಾಳು ಹಸನು ಮಾಡುತ್ತ, ಮಗನ ಮುಖವನ್ನು ನೋಡದೆ:

“ಫೋನ್ ಬಂದಿತ್ತೇನು?”